ಮಗಳಿಗೊಂದು ಪತ್ರ: ಉಜ್ಜೀವನ ಮೊದಲು ಯಾರಿಗೆ ಬೇಕು?

ಬೆಳಗಾವಿ

ಪ್ರೀತಿಯ ಮಗಳೇ,

ಕರ್ತನ ನಾಮದಲ್ಲಿ ವಂದನೆ. ಬೆಂಗಳೂರಿನ ಉಜ್ಜೀವನ ಕೂಟದಲ್ಲಿ ಡ್ರಮ್ಸು, ಲೈಟು, ಹಾಡು ಎಲ್ಲಾ ಜೋರಾಗಿತ್ತು, ಆದರೆ ಮಂಗಳವಾರದ ಹೊತ್ತಿಗೆ ಮನಸ್ಸು ಮತ್ತೆ ಖಾಲಿ ಅಂತ ಬರೆದಿದ್ದೀಯ. ನಮ್ಮ ಸಭೆಗಳಿಗೆ ಉಜ್ಜೀವನ, ಅಂದರೆ ತಣ್ಣಗಾದ ವಿಶ್ವಾಸಕ್ಕೆ ಮತ್ತೆ ಜೀವ, ಬರೋದೇ ಇಲ್ವಾ ಅಂತಲೂ ಕೇಳಿದ್ದೀಯ.

ಡ್ರಮ್ಸಿನ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಉಜ್ಜೀವನ ಬಂತೋ ಇಲ್ಲವೋ ಅನ್ನೋದು ಕೂಟದಲ್ಲಿ ಗೊತ್ತಾಗುವುದಿಲ್ಲ. ಅಡುಗೆಮನೆಯಲ್ಲಿ, ಅಂಗಡಿಯ ಲೆಕ್ಕದಲ್ಲಿ, ಮದುವೆ ಮಾತುಕತೆಯಲ್ಲಿ ಗೊತ್ತಾಗುತ್ತದೆ.

ಯೇಸುಸ್ವಾಮಿ ಬಾಗಿಲು ತಟ್ಟುವ ಚಿತ್ರ ಹಾಕಿ ಕರಪತ್ರ ಹಂಚುತ್ತೇವೆ, ಅಲ್ವಾ? ಹೊರಗಿನವರು ಬಾಗಿಲು ತೆರೆಯಲಿ ಅಂತ. ಬೈಬಲಿನ ಪ್ರಕಟನೆ ಪುಸ್ತಕದ 3ನೇ ಅಧ್ಯಾಯ ತೆಗೆದು ನೋಡು. ಆ ಮಾತು ಬಂದದ್ದು ಲವೊದಿಕೀಯದ ಸಭೆಗೆ. ನಾವು ಐಶ್ವರ್ಯವಂತರು, ನಮಗೇನೂ ಕೊರತೆಯಿಲ್ಲ ಅಂದುಕೊಂಡಿದ್ದ ವಿಶ್ವಾಸಿಗಳಿಗೆ. ಸಭೆ ಒಳಗೆ, ಸ್ವಾಮಿ ಹೊರಗೆ!

ನಮ್ಮ ಬೆಳಗಾವಿಗೆ ಸುವಾರ್ತೆ ಸಾರಲು ಲಂಡನ್ ಮಿಷನ್ನಿನವರು ಬಂದದ್ದು 1820ರಲ್ಲಿ. 1904ರಲ್ಲಿ ಅವರು ಕೆಲಸವನ್ನು ಮೆಥೊಡಿಸ್ಟ್ ಅನ್ನೋ ಇನ್ನೊಂದು ಕ್ರೈಸ್ತ ಪಂಗಡದವರಿಗೆ ಒಪ್ಪಿಸಿದರು. ಇನ್ನೂರು ವರ್ಷದ ಸಾಕ್ಷಿ ಅಂತ ನಾವು ಹೇಳಿಕೊಳ್ಳುತ್ತೇವೆ. ಸರಿ, ಆದರೆ ವಯಸ್ಸಾಗಿದೆ ಅಂದ ಮಾತ್ರಕ್ಕೆ ಜೀವ ಇದೆ ಅಂತ ಅರ್ಥವಲ್ಲ.

ಅದರ ಮರುವರ್ಷವೇ, 1905ರಲ್ಲಿ, ಪುಣೆಯ ಆಚೆ ಕೇಡಗಾಂವದಲ್ಲಿ ಏನಾಯಿತು ನೋಡು. ಅಲ್ಲಿ ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ ಇತ್ತು. ಅವರು ಹುಟ್ಟಿದ್ದು ನಮ್ಮ ಕರ್ನಾಟಕದಲ್ಲೇ, 1858ರಲ್ಲಿ. ಬಾಲವಿಧವೆಯರು, ಬರಗಾಲದಲ್ಲಿ ದಿಕ್ಕಿಲ್ಲದೆ ಉಳಿದ ಹುಡುಗಿಯರು ಅಲ್ಲಿದ್ದರು. ದಿನಾಲೂ ಪ್ರಾರ್ಥನೆಗೆ ಯಾರು ಕೂಡುತ್ತೀರಿ ಅಂತ ರಮಾಬಾಯಿ ಜನವರಿಯಲ್ಲಿ ಕೇಳಿದರು. ಸುಮಾರು 70 ಹುಡುಗಿಯರು ಮುಂದೆ ಬಂದರು. ಜೂನ್ ಕೊನೆಯಲ್ಲಿ ಹುಡುಗಿಯರು ಅತ್ತು ತಮ್ಮ ತಮ್ಮ ಪಾಪಗಳನ್ನು ಒಪ್ಪಿಕೊಳ್ಳತೊಡಗಿದರು. ಆಮೇಲೆ ಗುಂಪುಗುಂಪಾಗಿ ಸುತ್ತಲಿನ ಹಳ್ಳಿಗಳಿಗೆ ಸುವಾರ್ತೆ ಒಯ್ದರು. ಪೋಸ್ಟರಿನಲ್ಲಿ ಫೋಟೋ ಹಾಕುವಂಥ ದೊಡ್ಡ ಮನುಷ್ಯರು ಯಾರೂ ಇರಲಿಲ್ಲ.

ಆ ಮೆಥೊಡಿಸ್ಟ್ ಪಂಗಡವನ್ನು ಶುರುಮಾಡಿದ ಜಾನ್ ವೆಸ್ಲಿಯವರ ಕಥೆ ಇನ್ನೂ ತಮಾಷೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಪ್ರಾರ್ಥನಾಮಂದಿರದ ಮೇಲೆ ಸಾಲ ಇತ್ತು. ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ, ವಾರಕ್ಕೆ ಒಂದು ಪೆನ್ನಿ ವಸೂಲಿ ಮಾಡೋಣ ಅಂತ ಅಲ್ಲಿಯ ಒಬ್ಬರು ಅಂದರು. ವಸೂಲಿಗೆ ಮನೆಮನೆಗೆ ಹೋದವರಿಗೆ ಒಬ್ಬ ಕುಡಿಯುವುದು, ಇನ್ನೊಬ್ಬ ಹೆಂಡತಿ ಜೊತೆ ಜಗಳವಾಡುವುದು ಕಣ್ಣಿಗೆ ಬಿತ್ತು. ಹಣದ ಗುಂಪು ಆತ್ಮದ ಕ್ಷೇಮ ಕೇಳುವ ಗುಂಪಾಯಿತು. ನಾವೀಗ ಕಾಣಿಕೆ ಮಾತ್ರ ಉಳಿಸಿಕೊಂಡು, ಕ್ಷೇಮ ಕೇಳೋದನ್ನ ಬಿಟ್ಟಿದ್ದೇವೆ. ಭಾನುವಾರ ಪಕ್ಕದಲ್ಲಿ ಕೂತವರ ಮಗ ಕೆಲಸ ಕಳಕೊಂಡದ್ದು ನಮಗೆ ವಾಟ್ಸಾಪಿನಲ್ಲಿ ಗೊತ್ತಾಗುತ್ತದೆ.

ಮದುವೆ ವಿಷಯ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹೋದ ವಾರ ನಿನ್ನ ಸಂಬಂಧ ಕೇಳಿಕೊಂಡು ಒಂದು ಕುಟುಂಬ ಬಂದಿತ್ತು. ಒಳ್ಳೆಯ ವಿಶ್ವಾಸಿಗಳು. ಉಪವಾಸ ಪ್ರಾರ್ಥನೆ ತಪ್ಪಿಸೋದಿಲ್ಲ, ಉಜ್ಜೀವನಕ್ಕಾಗಿ ಅಂತ ನಮ್ಮ ಮನೆಯಲ್ಲೂ ಕಣ್ಣೀರು ಹಾಕಿ ಪ್ರಾರ್ಥಿಸಿದರು. ಆಮೇಲೆ ಮೆಲ್ಲಗೆ, 'ಮೂಲತಃ ನೀವು ಯಾವ ಜನ?' ಅಂತ ಕೇಳಿದರು. ಬಂಗಾರದ ಮಾತೂ ಬಂತು, 'ನಿಮ್ಮ ಖುಷಿ' ಅನ್ನೋ ಹೆಸರಿನಲ್ಲಿ. ನಿಮ್ಮಪ್ಪ ಇನ್ನೊಂದು ಸುತ್ತು ಚಹಾ ಕೊಡಿಸಿ, ಕೈಮುಗಿದು ಕಳಿಸಿದರು. ನಿನ್ನನ್ನು ಕೇಳದೆ ಕಳಿಸಿದೆವು ಅಂತ ಬೇಜಾರಾಗಬೇಡ.

ಬೈಬಲಿನಲ್ಲಿ ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನಿಗೆ ರಕ್ಷಣೆ ಬಂದಾಗ ಅವನು ಮೊದಲು ಕೈಹಾಕಿದ್ದು ಜೇಬಿಗೆ. ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಅಂದ. ನಮ್ಮ ಸಭೆಯಲ್ಲಿ ಯಾರಾದರೂ ತೆಗೆದುಕೊಂಡ ವರದಕ್ಷಿಣೆಯನ್ನು ಸೊಸೆಯ ತವರಿಗೆ ವಾಪಸ್ ಕೊಟ್ಟರು ಅನ್ನೋ ಸುದ್ದಿ ಬರಲಿ. ಆ ಸಾಕ್ಷಿ ಕೇಳೋಕೆ ನಾನು ಮೊದಲ ಸಾಲಿನಲ್ಲಿ ಕೂರುತ್ತೇನೆ.

ನಿನ್ನ ಪಿಜಿಯಲ್ಲಿ ಇಬ್ಬರು ವಿಶ್ವಾಸಿ ಹುಡುಗಿಯರಿದ್ದಾರೆ ಅಂದಿದ್ದೆಯಲ್ಲ, ಅವರನ್ನು ಕೇಳಿ ನೋಡು. ವಾರಕ್ಕೊಂದು ಸಂಜೆ ಸಾಕು. ಹಾಡಲು ಬರದಿದ್ದರೂ ನಡೆಯುತ್ತದೆ. ಒಬ್ಬರ ಕ್ಷೇಮ ಒಬ್ಬರು ಕೇಳಿ, ಸುಳ್ಳು ಹೇಳದೆ ಉತ್ತರ ಕೊಡಿ. ಇಲ್ಲಿ ನಮ್ಮ ಓಣಿಯ ಮೂವರು ಹೆಂಗಸರನ್ನು ನಾನು ಕೇಳಿದ್ದೇನೆ. ಒಬ್ಬರು ಒಪ್ಪಿದ್ದಾರೆ.

ಕ್ರಿಸ್ಮಸ್‌ಗೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಟಿಕೆಟ್ ಈಗಲೇ ಮಾಡಿಸು. ಆಮೇಲೆ ಸಿಗೋದಿಲ್ಲ.

ನಿನ್ನ ಅಮ್ಮ