ಹಬಲ್‌ನ ಎರಡು ಕಂಪ್ಯೂಟರ್‌ಗಳು: ಸದಸ್ಯರ ಗಮನಕ್ಕೆ

ಸದಸ್ಯರಿಗೆ ನಮಸ್ಕಾರ. ಭೂಮಿಯನ್ನು ಸುತ್ತುತ್ತಿರುವ ಹಬಲ್ ಬಾಹ್ಯಾಕಾಶ ದೂರದರ್ಶಕದ ಕುರಿತ ಚರ್ಚೆಯಲ್ಲಿ ಅದರ ಎರಡು ಕಂಪ್ಯೂಟರ್‌ಗಳನ್ನು ಒಂದೇ ಎಂದು ಭಾವಿಸಿ ಹಲವರು ಬರೆಯುತ್ತಿರುವುದರಿಂದ ಈ ಸ್ಪಷ್ಟನೆ.

ದೂರದರ್ಶಕವನ್ನು ಗುರಿಯತ್ತ ತಿರುಗಿಸಿ ನಿಲ್ಲಿಸುವುದು ಮುಖ್ಯ ಕಂಪ್ಯೂಟರ್‌ನ ಕೆಲಸ. 1999ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳು ಅಳವಡಿಸಿದ ಅದರಲ್ಲಿರುವುದು, ಒಂದು ಕಾಲಕ್ಕೆ ಮನೆಮನೆಯ ಮೇಜಿನ ಮೇಲಿದ್ದ 486 ಪ್ರೊಸೆಸರ್‌ನ ಬಳಗದ್ದೇ. ಕ್ಯಾಮೆರಾ, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಅಳೆಯುವ ರೋಹಿತಮಾಪಕಗಳಿಗೆ ಆದೇಶ ತಲುಪಿಸಿ ಅವುಗಳ ಸ್ಥಿತಿಗತಿ ಗಮನಿಸುವ ಪೇಲೋಡ್ ಕಂಪ್ಯೂಟರ್ ಬೇರೆಯೇ ಘಟಕದಲ್ಲಿದೆ. ಅದೇ ಘಟಕದ ಫಾರ್ಮ್ಯಾಟರ್, ಉಪಕರಣಗಳು ಕೊಟ್ಟ ದತ್ತಾಂಶವನ್ನು ಭೂಮಿಗೆ ರವಾನಿಸಲು ತಕ್ಕ ರೂಪಕ್ಕೆ ತರುತ್ತದೆ.

ಈ ಘಟಕದಲ್ಲಿ ಪ್ರತಿಯೊಂದಕ್ಕೂ ‘ಎ’ ಮತ್ತು ‘ಬಿ’ ಎಂಬ ಜೋಡಿ ಬದಿಗಳಿವೆ; ಒಂದು ಕೆಟ್ಟರೆ ಇನ್ನೊಂದು ಮೀಸಲು. 2008ರ ಸೆಪ್ಟೆಂಬರ್‌ನಲ್ಲಿ ‘ಎ’ ಬದಿಯ ಫಾರ್ಮ್ಯಾಟರ್ ಕೆಟ್ಟಾಗ, 1990ರ ಉಡಾವಣೆಯಿಂದ ಸುಮ್ಮನೆ ಕುಳಿತಿದ್ದ ‘ಬಿ’ ಬದಿಯನ್ನು ಎಬ್ಬಿಸಲಾಯಿತು (ಎದ್ದಿತೆಂಬುದೇ ನನಗೆ ಇಂದಿಗೂ ಬೆರಗು). 2009ರ ಮೇ ತಿಂಗಳಲ್ಲಿ ಇಡೀ ಘಟಕವನ್ನೇ ಬದಲಿಸಿದರು. ಹೊಸದರಲ್ಲಿಯೂ 2021ರ ಜೂನ್ 13ರಂದು ಪೇಲೋಡ್ ಕಂಪ್ಯೂಟರ್ ನಿಂತುಹೋಯಿತು. ಮೊದಲು ಮೆಮೊರಿಯ ಮೇಲೆ ಅನುಮಾನ ಬಿದ್ದರೂ, ಕೊನೆಗೆ ವಿದ್ಯುತ್ ನಿಯಂತ್ರಕದ ಕಡೆ ಬೆರಳು ತೋರಿತು. ಜುಲೈನಲ್ಲಿ ಮೀಸಲು ಬದಿಗೆ ಬದಲಾಯಿಸಿದ ಮೇಲೆ ವೀಕ್ಷಣೆ ಮತ್ತೆ ಆರಂಭವಾಯಿತು.

ಆದ್ದರಿಂದ ಇನ್ನು ಮುಂದೆ ‘ಹಬಲ್ ಕಂಪ್ಯೂಟರ್’ ಎಂದಷ್ಟೇ ಬರೆಯದೆ, ಮುಖ್ಯವೋ ಪೇಲೋಡೋ ಎಂಬುದನ್ನು ನಮೂದಿಸಬೇಕಾಗಿ ವಿನಂತಿ.