ಹಿನ್ನೀರಿಗೆ ಊರು ಬಿಟ್ಟವರ ಹೆಸರು ಉಳಿಸಿ: ಮಂಡ್ಯ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ.

ತಾಲ್ಲೂಕು ಕಚೇರಿಗಳ ಹಳೇ ಭೂ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ ನಡೆಯುತ್ತಿದೆ. ತುಂಬಾ ಒಳ್ಳೆಯ ಕೆಲಸ. ಅದು ನಡೆಯುತ್ತಿರುವಾಗಲೇ ತಮ್ಮಲ್ಲಿ ಒಂದು ಬೇಡಿಕೆ ಇಡೋಣ ಎಂದು ಈ ಪತ್ರ ಬರೆಯುತ್ತಿದ್ದೇನೆ. ಕೃಷ್ಣರಾಜಸಾಗರದ ಹಿನ್ನೀರಿಗೆ ಮನೆ, ಹೊಲ, ಊರು ಬಿಟ್ಟುಕೊಟ್ಟವರ ಹೆಸರುಗಳನ್ನು ಹುಡುಕಿಸಿ. ಕಟ್ಟೆ ಕೆಲಸಕ್ಕೆ ಕೂಲಿಗೆ ಹೋದವರ ಹೆಸರು ಎಲ್ಲಾದರೂ ಉಳಿದಿದ್ದರೆ ಅದನ್ನೂ ಹುಡುಕಿಸಿ. ಎಲ್ಲವನ್ನೂ ಒಂದು ಕಡೆ ಸೇರಿಸಿ, ಯಾರು ಬೇಕಾದರೂ ನೋಡುವ ಹಾಗೆ ಮಾಡಿ.

ನಾನು ಪಾಂಡವಪುರ ತಾಲ್ಲೂಕಿನವಳು. ನಮ್ಮ ತಂದೆಯ ತಾತ, ಅಂದರೆ ನನ್ನ ಮುತ್ತಾತ, ಕನ್ನಂಬಾಡಿ ಕಡೆಯಿಂದ ಎದ್ದು ಬಂದವರು. ಅವರ ಬಗ್ಗೆ ನಮ್ಮ ಮನೆಯಲ್ಲಿ ಉಳಿದಿರುವುದು ಅಜ್ಜಿ ಹೇಳಿದ ಮಾತುಗಳು ಮಾತ್ರ. ಅಜ್ಜಿಗೆ ಅವರು ಮಾವ. ಹೊಳೆ ದಂಡೆಯಲ್ಲಿ ಗದ್ದೆ ಇತ್ತು, ಸರ್ಕಾರದವರು ಅಳತೆ ಮಾಡಿಕೊಂಡು ಹೋದರು, ಪರಿಹಾರದ ದುಡ್ಡು ಸಾಲಕ್ಕೇ ಹೋಯಿತು, ಆಮೇಲೆ ಮಾವ ಕಟ್ಟೆ ಕೆಲಸಕ್ಕೇ ಕೂಲಿಗೆ ಸೇರಿದರು. ಅಜ್ಜಿ ಹೇಳುತ್ತಿದ್ದದ್ದು ಇಷ್ಟೇ. ತನ್ನ ಗದ್ದೆ ಮುಳುಗಿಸುವ ಗೋಡೆಗೆ ತಾನೇ ಗಾರೆ ಹೊತ್ತ ಮನುಷ್ಯ. ಅವರ ಹೆಸರು ಒಂದು ಸರ್ಕಾರಿ ಕಾಗದದಲ್ಲಾದರೂ ಇದೆಯೇ ಎಂದು ನೋಡಬೇಕು ಅನ್ನುವುದು ನನ್ನ ಆಸೆ.

ಕಟ್ಟೆಯ ಬಗ್ಗೆ ನನಗೆ ದೂರಿಲ್ಲ. ಇರ್ವಿನ್ ನಾಲೆ ಎಂದು ಶುರುವಾಗಿ ಈಗ ವಿಶ್ವೇಶ್ವರಯ್ಯ ನಾಲೆ ಎಂದು ಕರೆಯುವ ಆ ನೀರಿನಲ್ಲೇ ನಮ್ಮ ಕಬ್ಬು, ಭತ್ತ ಬೆಳೆದಿದೆ. ನಾನು ಓದಿದ್ದೂ ಆ ದುಡ್ಡಿನಲ್ಲೇ. ಕಟ್ಟಿಸಿದ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರನ್ನೂ ವಿಶ್ವೇಶ್ವರಯ್ಯನವರನ್ನೂ ಈ ಜಿಲ್ಲೆ ಮನೆ ಮನೆಯಲ್ಲಿ ನೆನೆಯುತ್ತದೆ, ನೆನೆಯಲೇಬೇಕು. ಅವರ ಜೊತೆಗೆ ಜಾಗ ಬಿಟ್ಟುಕೊಟ್ಟವರನ್ನೂ ನೆನೆಯಬೇಕಲ್ವಾ? ನೆನೆಯಲು ಮೊದಲು ಹೆಸರು ಗೊತ್ತಿರಬೇಕು.

ಹೆಸರು ಹುಡುಕುವುದು ಎಷ್ಟು ಕಷ್ಟ ಎಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ತಿಳಿದರೆ ಬಿಡಿಸುವುದು ತಮಗೆ ಸುಲಭವಾಗಬಹುದು.

ಮೊದಲನೆಯದು ಜಿಲ್ಲೆಯದೇ ತೊಡಕು. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. ಕಟ್ಟೆ ಕೆಲಸ ಶುರುವಾದದ್ದು 1911ರಲ್ಲಿ. ಅಂದರೆ ಆ ಇಡೀ ಕಾಲದಲ್ಲಿ ನಾವು ಮೈಸೂರು ಜಿಲ್ಲೆಯವರು. ಮಂಡ್ಯದಲ್ಲಿ ಕೇಳಿದರೆ ಮೈಸೂರಿಗೆ ಹೋಗಿ ಅನ್ನುತ್ತಾರೆ. ಮೈಸೂರಿನಲ್ಲಿ ಕೇಳಿದರೆ, ಜಿಲ್ಲೆ ಬೇರೆಯಾದಾಗ ನಿಮ್ಮ ಕಡತ ನಿಮ್ಮಲ್ಲಿಗೇ ಬಂದಿರಬೇಕು ಅನ್ನುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಯಾವ ಕಟ್ಟು ಎಲ್ಲಿಗೆ ಹೋಯಿತು ಎಂಬ ಪಟ್ಟಿ ಯಾರ ಕೈಯಲ್ಲೂ ಇಲ್ಲ, ಅಷ್ಟೇ.

ತಾಲ್ಲೂಕುಗಳ ಹೆಸರೂ ಬದಲಾಗಿವೆ. ಇವತ್ತಿನ ಪಾಂಡವಪುರ ಹಳೇ ಇಂಗ್ಲಿಷ್ ಕಾಗದದಲ್ಲಿ ಫ್ರೆಂಚ್ ರಾಕ್ಸ್, ಜನರ ಬಾಯಲ್ಲಿ ಹಿರೋಡೆ. ಕೆ.ಆರ್. ಪೇಟೆಯ ಹಿಂದಿನ ಹೆಸರು ಅತ್ತಿಕುಪ್ಪೆ. ಹಿನ್ನೀರಿನ ಇನ್ನೊಂದು ಕಡೆಯ ಕೆ.ಆರ್. ನಗರ ಹಿಂದೆ ಎಡತೊರೆ. ಈಗಿನ ಹೆಸರು ಹೇಳಿ ಕೇಳಿದರೆ ಕಡತ ಸಿಗುವುದಿಲ್ಲ. ಹಳೇ ಹೆಸರು ಹೇಳಿದರೆ ಹೊಸ ಸಿಬ್ಬಂದಿಗೆ ಅರ್ಥವಾಗುವುದಿಲ್ಲ.

ಆಮೇಲೆ ವರ್ಷದ ಪ್ರಶ್ನೆ. ಕಟ್ಟೆಯನ್ನು ಒಂದೇ ಸಲ ಪೂರ್ತಿ ಎತ್ತರಕ್ಕೆ ಕಟ್ಟಲಿಲ್ಲ. ಮದ್ರಾಸ್ ಸರ್ಕಾರ ಒಪ್ಪಲಿಲ್ಲ. ಮೊದಲ ಹಂತ 80 ಅಡಿ ಎಂದಾಯಿತು. 1914ರಲ್ಲಿ ಮಧ್ಯಸ್ಥಗಾರ ಗ್ರಿಫಿನ್ ಅವರ ತೀರ್ಪು ಬಂತು, ಮದ್ರಾಸಿನವರು ಅದರ ಮೇಲೂ ಮೇಲ್ಮನವಿ ಹೋದರು. ಕೊನೆಗೆ 1924ರ ಫೆಬ್ರವರಿಯಲ್ಲಿ ಎರಡೂ ಕಡೆಯವರು ಒಪ್ಪಂದ ಮಾಡಿಕೊಂಡರು. ಕೆಲಸ ಪೂರ್ತಿಯಾಗುವ ಹೊತ್ತಿಗೆ 1931 ಬಂದಿತ್ತು. ನೀರು ಹಂತಹಂತವಾಗಿ ಮೇಲೆ ಬಂದಂತೆ ಜನ ಹಂತಹಂತವಾಗಿ ಎದ್ದರು. ಹಾಗಾಗಿ ಒಂದು ವರ್ಷದ ಕಡತ ನೋಡಿದರೆ ಸಾಲದು. ಹೆಚ್ಚುಕಡಿಮೆ ಇಪ್ಪತ್ತು ವರ್ಷದ ಕಡತಗಳನ್ನು ನೋಡಬೇಕು.

ನಮ್ಮ ಹಿರಿಯರು ಇಸವಿ ಲೆಕ್ಕ ಇಟ್ಟವರಲ್ಲ. ಅಜ್ಜಿ ಹೇಳುತ್ತಿದ್ದದ್ದು ಸಂವತ್ಸರದ ಹೆಸರು. "ರಕ್ತಾಕ್ಷಿಯಲ್ಲಿ ದೊಡ್ಡ ಹೊಳೆ ಬಂತಲ್ಲ, ಆಗ ಮಾವ ಕಟ್ಟೆ ಕೆಲಸದಲ್ಲೇ ಇದ್ದರು" ಅನ್ನುತ್ತಿದ್ದರು. ನಾನು ಪಂಚಾಂಗದ ಲೆಕ್ಕ ಹಾಕಿ ನೋಡಿದೆ. ಕಟ್ಟೆ ಕೆಲಸದ ಕಾಲದ ರಕ್ತಾಕ್ಷಿ ಬರುವುದು 1924-25ರಲ್ಲಿ. ಕಾವೇರಿಗೆ ಭಾರಿ ಪ್ರವಾಹ ಬಂದದ್ದು 1924ರ ಜುಲೈನಲ್ಲಿ. ಸರಿಯಾಗಿ ಹೊಂದಿತು! ಓದು ಬರಹ ಬಾರದ ಹೆಂಗಸು ಹೇಳಿದ್ದು ವರ್ಷದ ಮಟ್ಟಿಗೆ ನಿಜವಾಗಿತ್ತು. ಅವತ್ತಿನಿಂದ ಅಜ್ಜಿಯ ಪ್ರತಿ ಮಾತನ್ನೂ ನಾನು ದಾಖಲೆ ಎಂದೇ ನೋಡುತ್ತಿದ್ದೇನೆ. ಅಂಥ ಅಜ್ಜಂದಿರು, ಅಜ್ಜಿಯರು ಹಿನ್ನೀರಿನ ಸುತ್ತ ಇನ್ನೂ ಕೆಲವರು ಉಳಿದಿದ್ದಾರೆ. ಅವರೇ ಕಟ್ಟೆ ಕಟ್ಟಿದ್ದನ್ನು ಕಂಡವರಲ್ಲ, ಕಂಡವರ ಬಾಯಿಂದ ಕೇಳಿದವರು.

ನನಗೆ ಗೊತ್ತಿರುವ ಮಟ್ಟಿಗೆ ಹೆಸರುಗಳು ಸಿಗಬಹುದಾದ ಕಡೆಗಳು ಇವು. 1894ರ ಮೈಸೂರು ಭೂಸ್ವಾಧೀನ ಕಾಯ್ದೆಯ ಕೆಳಗೆ ಜಮೀನು ತೆಗೆದುಕೊಂಡರೆ ನೋಟಿಸ್ ಹೊರಡಿಸಬೇಕಿತ್ತು, ಅವಾರ್ಡ್, ಅಂದರೆ ಪರಿಹಾರದ ತೀರ್ಮಾನ, ಬರೆಯಬೇಕಿತ್ತು. ಅದರಲ್ಲಿ ಸರ್ವೆ ನಂಬರ್ ಇರುತ್ತದೆ, ವಿಸ್ತೀರ್ಣ ಇರುತ್ತದೆ, ಖಾತೆದಾರನ ಹೆಸರು ಇರುತ್ತದೆ. ಪ್ರಕಟಣೆಗಳು ಮೈಸೂರು ಗೆಜೆಟ್‌ನಲ್ಲಿ ಬರುತ್ತಿದ್ದವು. ಸರ್ವೆ ಇಲಾಖೆಯ ಅಳತೆ ಟಿಪ್ಪಣಿ, ವಿಸ್ತೀರ್ಣ ಕಂದಾಯ ಬರೆದ ಆಕಾರಬಂದ್ ಇವೆ. ಶಾನುಭೋಗರ ಖಾತೆ ಪುಸ್ತಕಗಳಿವೆ. 1961ರ ಕಾಯ್ದೆ ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆಗಳನ್ನು ತೆಗೆದುಹಾಕಿತು. ಆಮೇಲೆ ಅವರ ಕೈಲಿದ್ದ ಪುಸ್ತಕಗಳಲ್ಲಿ ಕೆಲವು ಕಚೇರಿಗೆ ಬಂದವು, ಕೆಲವು ಅವರ ಮನೆ ಅಟ್ಟದಲ್ಲೇ ಉಳಿದವು. ಪಟೇಲರು ಬರೆಯುತ್ತಿದ್ದ ಜನನ ಮರಣದ ಪುಸ್ತಕಗಳ ಕಥೆಯೂ ಅದೇ. 1918ರ ಇನ್‌ಫ್ಲುಯೆಂಜಾದಲ್ಲಿ ನಮ್ಮ ಮನೆಯ ಇಬ್ಬರು ಮಕ್ಕಳು ಹೋದರಂತೆ. ಆ ಪುಸ್ತಕ ಸಿಕ್ಕಿದ್ದರೆ ಆ ಮಕ್ಕಳ ಹೆಸರೂ ಸಿಗುತ್ತಿತ್ತು.

ಒಂದು ಕಚೇರಿಯ ರೆಕಾರ್ಡ್ ರೂಮಿನಲ್ಲಿ ನನಗೆ ತೋರಿಸಿದ್ದು ಗೆದ್ದಲು ಹಿಡಿದ ಕಟ್ಟುಗಳನ್ನು. ಬಿಚ್ಚಿದರೆ ಉದುರುತ್ತದೆ ಎಂದು ಬಿಚ್ಚಲೇ ಇಲ್ಲ. ಅಲ್ಲಿದ್ದ ಸಿಬ್ಬಂದಿ ಒಳ್ಳೆಯವರು, ಸುಮ್ನೆ ಸಾಗಹಾಕಲಿಲ್ಲ. ಆದರೆ ಅವರು ಹೇಳಿದ ಒಂದು ಮಾತು ಕೇಳಿ ನನಗೆ ಗಾಬರಿಯಾಯಿತು. ಶಾಶ್ವತ ವರ್ಗದ ಕಡತ ಬಿಟ್ಟು ಉಳಿದವನ್ನು ಅವಧಿ ಮುಗಿದ ಮೇಲೆ ವಿಲೇವಾರಿ ಮಾಡುತ್ತಾರೆ ಎಂದರು. ನಿಯಮ ಹಾಗೇ ಇದೆ, ಸರಿ. ಆದರೆ ಯೋಚನೆ ಮಾಡಿ ನೋಡಿ. ಜಮೀನಿನ ಕಾಗದ ಶಾಶ್ವತ, ಕೂಲಿಯವನ ಹಾಜರಿ ಪುಸ್ತಕ ಶಾಶ್ವತವಲ್ಲ. ಖಾತೆ ಇದ್ದವನ ಹೆಸರಾದರೂ ಎಲ್ಲೋ ಒಂದು ಕಡೆ ಉಳಿಯುತ್ತದೆ. ಬೇರೆಯವರ ಗದ್ದೆಯಲ್ಲಿ ದುಡಿದವನಿಗೆ, ಊರಾಚೆ ಕೇರಿಯಲ್ಲಿದ್ದವನಿಗೆ, ಗೇಣಿಗೆ ಮಾಡುತ್ತಿದ್ದವನಿಗೆ ಖಾತೆಯೇ ಇರಲಿಲ್ಲ. ಅವರ ಊರೂ ಮುಳುಗಿತು, ಮನೆಯೂ ಮುಳುಗಿತು. ಪರಿಹಾರದ ಪಟ್ಟಿಯಲ್ಲಿ ಹುಡುಕಿದರೆ ಅಂಥವರು ಸಿಗುವುದಾದರೂ ಹೇಗೆ?

ಸಿಮೆಂಟ್ ಇಲ್ಲದೆ ಸುಣ್ಣ, ಸುರ್ಕಿ ಗಾರೆಯಲ್ಲಿ ಕಟ್ಟಿದ ಕಟ್ಟೆ ಅದು. ಇಟ್ಟಿಗೆ ಪುಡಿ ಮಾಡಬೇಕು, ಸುಣ್ಣ ಅರೆಯಬೇಕು, ಹೊರಬೇಕು, ಕಲ್ಲು ಒಡೆಯಬೇಕು. ಸಾವಿರಾರು ಜನ ವರ್ಷಗಟ್ಟಲೆ ಮಾಡಿದ ಕೆಲಸ. ಅಷ್ಟು ಜನಕ್ಕೆ ಕೂಲಿ ಬಟವಾಡೆ ಆಗಿದೆ ಅಂದಮೇಲೆ ಲೆಕ್ಕ ಬರೆದಿರಲೇಬೇಕು. ಮಲೇರಿಯಾ ಬಂದು ಅಲ್ಲೇ ತೀರಿಹೋದವರಿದ್ದರು ಎಂದು ಅಜ್ಜಿ ಹೇಳುತ್ತಿದ್ದರು. ಒಂದು ಹಾಜರಿ ಪುಸ್ತಕ ಸಿಕ್ಕರೂ ನನ್ನಂಥ ಎಷ್ಟೋ ಮನೆಯವರಿಗೆ ಅವರ ತಾತ ಸಿಕ್ಕ ಹಾಗೆ.

ಹೆಂಗಸರ ವಿಷಯಕ್ಕೆ ಬಂದರೆ ಇನ್ನೂ ಬೇಸರ. ನನ್ನ ಮುತ್ತಜ್ಜಿಯ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅಜ್ಜಿ ಅವರನ್ನು ಅತ್ತೆ ಅನ್ನುತ್ತಿದ್ದರು, ಅಪ್ಪ ಅಜ್ಜಿ ಅನ್ನುತ್ತಿದ್ದರು. ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ಖಾತೆ ಬದಲಾವಣೆಗೆ ಬೇಕಾದಷ್ಟಕ್ಕೇ ನಿಲ್ಲುತ್ತದೆ, ಅಷ್ಟು ಹಿಂದಕ್ಕೆ ಹೋಗುವುದಿಲ್ಲ. ಹಿಂದೆ ಹೆಳವರು ಎತ್ತಿನ ಮೇಲೆ ಕೂತು ಬಂದು ಮನೆ ಬಾಗಿಲಲ್ಲಿ ವಂಶಾವಳಿ ಓದುತ್ತಿದ್ದರು. ಅವರ ಹತ್ತಿರ ಬರೆದಿಟ್ಟ ಪುಸ್ತಕಗಳಿದ್ದವು. ಊರೇ ಜಾಗ ಬಿಟ್ಟು ಎದ್ದ ಮೇಲೆ ಎಷ್ಟೋ ಮನೆಗಳಿಗೆ ಅವರ ದಾರಿಯೂ ತಪ್ಪಿಹೋಯಿತು.

ಇಷ್ಟೆಲ್ಲ ಕಳೆದುಹೋಗಿದೆ. ಅದೇ ಕಾಲದ ಬೇರೆ ಕಾಗದಗಳು ಎಷ್ಟು ಚೆನ್ನಾಗಿ ಉಳಿದಿವೆ ನೋಡಿ. ಕಟ್ಟೆ ಎಷ್ಟು ಅಡಿ ಇರಬೇಕು, ನೀರು ಎಷ್ಟು ಬಿಡಬೇಕು ಎಂದು ಮೈಸೂರು, ಮದ್ರಾಸ್, ಸಂಸ್ಥಾನದಲ್ಲಿದ್ದ ಬ್ರಿಟಿಷ್ ಪ್ರತಿನಿಧಿ ರೆಸಿಡೆಂಟರ ನಡುವೆ ನಡೆದ ಪತ್ರವ್ಯವಹಾರ ಜೋಪಾನವಾಗಿದೆ. ಮೈಸೂರು ರೆಸಿಡೆನ್ಸಿಯ ಕಡತಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರ ತನ್ನ ಕಡತಗಳನ್ನು ಅಭಿಲೇಖ ಪಟಲ ಎಂಬ ತಾಣದಲ್ಲಿ ಹಾಕುತ್ತಿದೆ. ಮನೆಯಲ್ಲೇ ಕೂತು ಓದಬಹುದು. ನಾನೂ ಓದಿದ್ದೇನೆ. ಹೊಳೆಯ ಲೆಕ್ಕ ಅಡಿ ಅಡಿಗೂ ಇದೆ, ಹೊಳೆ ದಂಡೆಯ ಜನರ ಹೆಸರಿಲ್ಲ. ಇಂಗ್ಲೆಂಡಿನಲ್ಲಿ 1921ರ ಜನಗಣತಿಯ ಮನೆಮನೆಯ ವಿವರವನ್ನು 2022ರಲ್ಲಿ ಜನರಿಗೆ ತೆರೆದಿಟ್ಟರು. ಅದೇ ವರ್ಷ ಮೈಸೂರು ಸಂಸ್ಥಾನದಲ್ಲೂ ಜನಗಣತಿ ನಡೆದಿತ್ತು. ನಮಗೆ ಉಳಿದದ್ದು ಒಟ್ಟು ಸಂಖ್ಯೆಗಳು ಮಾತ್ರ.

ತಮ್ಮ ಜಿಲ್ಲೆಯಲ್ಲೇ ಒಂದು ಉದಾಹರಣೆ ಇದೆ. ಶ್ರೀರಂಗಪಟ್ಟಣದ ಕಾವೇರಿ ದಂಡೆಯಲ್ಲಿ ಗ್ಯಾರಿಸನ್ ಸ್ಮಶಾನವಿದೆ. ಈಸ್ಟ್ ಇಂಡಿಯಾ ಕಂಪನಿಯ ಪರ ಇದ್ದ ಡಿ ಮ್ಯೂರಾನ್ ಎಂಬ ಸ್ವಿಸ್ ದಂಡಿನವರ ಗೋರಿಗಳು ಅಲ್ಲಿವೆ. ಇನ್ನೂರು ವರ್ಷ ಕಳೆದ ಮೇಲೆ ಆ ದಂಡು ಕಟ್ಟಿದ ಡಿ ಮ್ಯೂರಾನ್ ವಂಶದವರು ಹುಡುಕಿಕೊಂಡು ಬಂದು ಅದನ್ನು ದುರಸ್ತಿ ಮಾಡಿಸಿದರು. ಅಲ್ಲಿಗೆ ಹೋದಾಗಲೆಲ್ಲ ನನಗೆ ಸಂತೋಷವೇ ಆಗುತ್ತದೆ. ಸಾವಿರಾರು ಮೈಲಿ ದೂರದವರಿಗೆ ತಮ್ಮ ಹಿರಿಯರು ಸಿಕ್ಕರು, ಯಾಕೆಂದರೆ ಹೆಸರು ಕಲ್ಲಿನ ಮೇಲಿತ್ತು. ಅಲ್ಲಿಂದ ಕೆಆರ್‌ಎಸ್ ಬಹಳ ದೂರವೇನಿಲ್ಲ. ಇಲ್ಲಿಯವರಿಗೂ ಅಷ್ಟು ಸಿಗಬೇಕು ಎಂದು ಕೇಳುವುದು ಜಾಸ್ತಿ ಆಗಲಾರದು.

ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿ ದಶಕಗಟ್ಟಲೆ ನೀರಿನಲ್ಲಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಕಾಣಿಸುತ್ತಿತ್ತು. ಅದನ್ನು ಕಲ್ಲು ಕಲ್ಲು ಬಿಚ್ಚಿ ತಂದು ಹೊಸ ಕನ್ನಂಬಾಡಿಯ ಹತ್ತಿರ ಮತ್ತೆ ನಿಲ್ಲಿಸಿದ್ದಾರೆ. ಅಷ್ಟು ದೊಡ್ಡ ಕೆಲಸ ಆಗಿದೆ ಅಂದಮೇಲೆ, ಆ ಗುಡಿಯ ಸುತ್ತ ಬದುಕಿದವರ ಹೆಸರುಗಳನ್ನು ಒಟ್ಟು ಮಾಡುವುದು ಖಂಡಿತ ಆಗುತ್ತದೆ.

ಈಗ ತಮ್ಮಿಂದ ಆಗಬೇಕಾದದ್ದು. ಮೊದಲಿಗೆ, ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳಲ್ಲಿ 1939ಕ್ಕಿಂತ ಹಿಂದಿನ ಯಾವ ಕಡತವನ್ನೂ, ಅದು ಯಾವ ವರ್ಗದ್ದೇ ಇರಲಿ, ವಿಲೇವಾರಿ ಮಾಡಬಾರದು ಎಂದು ಒಂದು ಆದೇಶ ಹೊರಡಿಸಿ. ಇದಕ್ಕೆ ಖರ್ಚಿಲ್ಲ, ಒಂದು ಸಹಿ ಸಾಕು. ಸ್ಕ್ಯಾನಿಂಗ್‌ನಲ್ಲಿ ಗೆದ್ದಲು ಹಿಡಿದ ಆ ಕಟ್ಟುಗಳಿಗೆ ಮೊದಲ ಸರದಿ ಕೊಡಿ. ಈಗಿನ ಖಾತೆಗೆ ಬೇಕಾದ ಕಾಗದಗಳು ಸ್ವಲ್ಪ ಕಾಯಬಹುದು, ಅವು ಉದುರುತ್ತಿಲ್ಲ. ಆಮೇಲೆ ಮೈಸೂರು ಜಿಲ್ಲಾಧಿಕಾರಿಗಳು, ಮೈಸೂರಿನ ವಿಭಾಗೀಯ ಪತ್ರಾಗಾರದವರು, ಕಾವೇರಿ ನೀರಾವರಿ ನಿಗಮದವರು, ಈ ಮೂವರನ್ನೂ ಒಂದು ಸಲ ಒಟ್ಟಿಗೆ ಕೂರಿಸಿ. ಯಾರ ಹತ್ತಿರ ಯಾವ ವರ್ಷದ್ದು ಏನಿದೆ ಎಂಬ ಒಂದು ಪಟ್ಟಿ ಆದರೆ ಅರ್ಧ ದಾರಿ ಸವೆಸಿದಂತೆ. ಊರುಗಳ ಹಳೇ ಹೆಸರು, ಹೊಸ ಹೆಸರು ಎರಡೂ ಅದರಲ್ಲಿರಲಿ.

ಇಪ್ಪತ್ತು ವರ್ಷಕ್ಕಿಂತ ಹಳೆಯ ಮಾಹಿತಿಯನ್ನು ಕೆಲವೇ ಕಾರಣಗಳನ್ನು ಹೊರತುಪಡಿಸಿ ಕೊಡಲೇಬೇಕು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿದೆ. ಒಬ್ಬೊಬ್ಬರೇ ಅರ್ಜಿ ಹಾಕಿ, "ದಾಖಲೆ ಲಭ್ಯವಿಲ್ಲ" ಎಂಬ ಒಂದು ಸಾಲು ತೆಗೆದುಕೊಂಡು ಮನೆಗೆ ಹೋಗುವುದಕ್ಕಿಂತ, ಜಿಲ್ಲಾಡಳಿತವೇ ಮುಂದೆ ಬಂದು ತೆರೆದಿಟ್ಟರೆ ಎಲ್ಲರಿಗೂ ಒಳ್ಳೆಯದು.

ಓದುವವರು ಬೇಕಾಗುತ್ತಾರೆ, ಅದೂ ನನಗೆ ಗೊತ್ತು. ಶಾನುಭೋಗರು ಅಕ್ಷರ ಕೂಡಿಸಿ ಬರೆಯುತ್ತಿದ್ದ ಮೋಡಿ ಬರಹ, ಹಳೇ ಅಳತೆಯ ಕಂಡುಗ ಕೊಳಗದ ಲೆಕ್ಕ ಇವತ್ತಿನ ಆಪರೇಟರುಗಳಿಗೆ ಬರುವುದಿಲ್ಲ. ಅದನ್ನು ಸರಾಗವಾಗಿ ಓದುವ ನಿವೃತ್ತ ಕಂದಾಯ ನೌಕರರು, ಹಳೇ ಶಾನುಭೋಗರ ಮನೆಯವರು ಈ ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ. ಎಲ್ಲರಿಗೂ ವಯಸ್ಸಾಗಿದೆ. ಅವರನ್ನು ಈಗಲೇ ಕರೆಯಬೇಕು. ನಾನು ಅಂಥವರ ಪಕ್ಕದಲ್ಲಿ ಕೂತು ಬರೆದುಕೊಳ್ಳಲು ತಯಾರಿದ್ದೇನೆ. ಸಂಬಳ ಬೇಡ. ಕೂರಲು ಒಂದು ಮೇಜು, ಕಟ್ಟು ಬಿಚ್ಚಲು ಅನುಮತಿ ಕೊಟ್ಟರೆ ಸಾಕು. ನನ್ನ ಹಾಗೆ ಬರುವವರು ಇನ್ನೂ ಇದ್ದಾರೆ, ತಾವು ಕರೆದು ನೋಡಿ.

ತಮ್ಮ ಉತ್ತರಕ್ಕಾಗಿ ಕಾಯುತ್ತಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪಾಂಡವಪುರ ತಾಲ್ಲೂಕಿನ ಒಬ್ಬ ರೈತನ ಮಗಳು