ಗ್ರಂಥಪಾಲಕರಿಗೂ ಬೇಕು ಪಾಠ ಮಾಡುವ ತರಬೇತಿ

ಮಾನ್ಯ ಸಂಪಾದಕರೇ,

ಆಗಸ್ಟ್ 12ರಂದು ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಜನ್ಮದಿನವನ್ನು ಗ್ರಂಥಪಾಲಕರ ದಿನವೆಂದು ನಮ್ಮ ಜಿಲ್ಲೆಯಲ್ಲೂ ಆಚರಿಸುತ್ತೇವೆ. ಭಾವಚಿತ್ರಕ್ಕೆ ಹಾರ ಹಾಕಿ, 1931ರಲ್ಲಿ ಅವರು ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಓದಿ ಹೇಳುತ್ತೇವೆ. ಆದರೆ ಅವರ ಬದುಕಿನ ಒಂದು ಸಂಗತಿ ನಮ್ಮ ಭಾಷಣಗಳಲ್ಲಿ ಬರುವುದು ಅಪರೂಪ. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗುವ ಮೊದಲು ರಂಗನಾಥನ್ ಗಣಿತದ ಅಧ್ಯಾಪಕರಾಗಿದ್ದರು. ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲೂ ಪಾಠ ಹೇಳಿದ್ದರು. ಎಂ.ಎ. ಮುಗಿಸಿದ ಮೇಲೆ ಶಿಕ್ಷಕ ತರಬೇತಿಯನ್ನೂ ಪಡೆದಿದ್ದರು. ಅವರನ್ನು ಗುರುವೆಂದು ಭಾವಿಸಿ ಓದುವ ನಮ್ಮ ಎಂ.ಲಿಬ್. (ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ) ಪದವೀಧರರಲ್ಲಿ ಹೆಚ್ಚಿನವರು ಮಾತ್ರ ತರಗತಿಯ ಮುಂದೆ ಒಂದು ಗಂಟೆಯೂ ನಿಲ್ಲದೆ ಕೆಲಸಕ್ಕೆ ಸೇರುತ್ತಾರೆ.

ನಾನು ಚಿಕ್ಕಮಗಳೂರು ಜಿಲ್ಲೆಯ ಒಂದು ಪದವಿ ಕಾಲೇಜಿನ ಗ್ರಂಥಪಾಲಕಿ. ಓದುವಾಗ ವರ್ಗೀಕರಣ, ಸೂಚೀಕರಣ (ಪುಸ್ತಕಗಳ ವಿವರಪಟ್ಟಿ ಮಾಡುವುದು), ಗ್ರಂಥಾಲಯ ಆಡಳಿತ, ಗಣಕೀಕರಣ ಎಲ್ಲವನ್ನೂ ಶ್ರದ್ಧೆಯಿಂದ ಕಲಿಸಿದರು. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕಾಫಿ ಬೆಳೆಗೆ 633.73 ಎಂದು ಪುಸ್ತಕ ನೋಡದೆ ಹೇಳಬಲ್ಲೆ. ಆ ಕಲಿಕೆ ಇಂದಿಗೂ ನನ್ನ ಕೈ ಹಿಡಿದಿದೆ. ಆದರೆ ದಿನನಿತ್ಯ ಎದುರಾಗುವ ಕೆಲಸ ಈಗ ಬೇರೆ ಬಗೆಯದು.

ಕಳೆದ ಮಳೆಗಾಲದಲ್ಲಿ ಮೂಡಿಗೆರೆ ಕಡೆಯ ವಿದ್ಯಾರ್ಥಿನಿಯೊಬ್ಬಳು ಕಾಫಿಯ ಕೊಳೆರೋಗದ ಮೇಲೆ ಬರೆದ ಪ್ರಬಂಧವನ್ನು ತಂದು ತೋರಿಸಿದಳು. ಮೊಬೈಲಿನಲ್ಲಿ ‘ಕೊಳೆರೋಗ’ ಎಂದಷ್ಟೇ ಹುಡುಕಿ, ಮೊದಲು ಬಂದ ಪುಟಗಳಿಂದ ವಿಷಯ ತೆಗೆದುಕೊಂಡಿದ್ದಳು. ಅದರಲ್ಲಿ ಅರ್ಧದಷ್ಟು ಅಡಿಕೆಯ ಕೊಳೆರೋಗಕ್ಕೆ ಸೇರಿದ್ದು. ಅಡಿಕೆಯಲ್ಲಿ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯಿಂದ ಕಾಯಿ ಕೊಳೆತು ಉದುರುತ್ತದೆ. ಕಾಫಿಯಲ್ಲಿ ರೋಗಕಾರಕವೇ ಬೇರೆ. ಅಲ್ಲಿ ಎಲೆ ಕಪ್ಪಾಗಿ ಕೊಳೆತು, ಶಿಲೀಂಧ್ರದ ನೂಲಿನಂಥ ಎಳೆಯಲ್ಲಿ ರೆಂಬೆಗೆ ಜೋತು ಬೀಳುತ್ತದೆ. ಎರಡಕ್ಕೂ ಬೋರ್ಡೋ ದ್ರಾವಣದ ಸಿಂಪಡಣೆಯನ್ನೇ ಹೇಳುವುದರಿಂದ ಎರಡೂ ಬೆರೆತುಹೋದದ್ದು ಅವಳ ಗಮನಕ್ಕೆ ಬಂದಿರಲಿಲ್ಲ. ಹುಡುಗಿ ತೋಟದ ಮನೆಯವಳು, ಎರಡೂ ರೋಗಗಳನ್ನು ಕಣ್ಣಾರೆ ಕಂಡವಳು. ಕಂಡದ್ದನ್ನೂ ಓದಿದ್ದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ನಮ್ಮ ಜಿಲ್ಲೆಯಲ್ಲೇ ಇದೆ. ಅಲ್ಲಿನ ಪ್ರಕಟಣೆಯೊಂದನ್ನು ತೆಗೆದುಕೊಟ್ಟು ಅವಳನ್ನು ಕಳುಹಿಸಲು ಐದು ನಿಮಿಷ ಸಾಕು. ಅದಕ್ಕೆ ನನಗೆ ತರಬೇತಿ ಇದೆ. ಆದರೆ ಮುಂದಿನ ವಿಷಯಕ್ಕೆ ಅವಳು ಮತ್ತೆ ಹಾಗೆಯೇ ಹುಡುಕುತ್ತಾಳೆ, ಅವಳ ತರಗತಿಯ ಉಳಿದವರೂ ಹಾಗೆಯೇ ಹುಡುಕುತ್ತಾರೆ. ಈ ಪುಟ ಬರೆದವರು ಯಾರು, ಸಂಶೋಧಕರೋ ಔಷಧಿ ಮಾರುವವರೋ? ಯಾವ ಬೆಳೆಯ ಮಾತು, ಯಾವ ವರ್ಷದ್ದು? ಇಂಥ ಪ್ರಶ್ನೆಗಳನ್ನು ಅವರೇ ಕೇಳಿಕೊಳ್ಳುವಂತೆ ಮಾಡುವುದು ಒಂದು ಪಾಠ. ಅದನ್ನು ಎಲ್ಲಿಂದ ಶುರು ಮಾಡಬೇಕು, ಒಂದು ಗಂಟೆಯಲ್ಲಿ ಎಷ್ಟು ಹೇಳಬೇಕು, ಎಷ್ಟನ್ನು ಅವರ ಕೈಯಿಂದಲೇ ಮಾಡಿಸಬೇಕು, ಕಲಿತರೋ ಇಲ್ಲವೋ ಎಂದು ಹೇಗೆ ನೋಡಬೇಕು ಎಂಬುದನ್ನು ನಮ್ಮ ಪದವಿಯಲ್ಲಿ ಹೇಳಿಕೊಡಲಿಲ್ಲ. ‘ಬಳಕೆದಾರರ ಶಿಕ್ಷಣ’ ಎಂಬ ಅಧ್ಯಾಯ ಇತ್ತು. ಅದರ ವ್ಯಾಖ್ಯೆ, ಉದ್ದೇಶ, ವಿಧಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದೆವು, ಅಷ್ಟೇ.

ಕೆಲಸದ ನಿಯಮಗಳು ಮಾತ್ರ ನಮ್ಮಿಂದ ಬೋಧನೆಯನ್ನೇ ನಿರೀಕ್ಷಿಸುತ್ತಿವೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲಿ ಕೃತಿಚೌರ್ಯ ತಡೆಗೆ ನಿಯಮ ತಂದು, ಉಲ್ಲೇಖಿಸುವ ಸರಿಯಾದ ಕ್ರಮವನ್ನು ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ತಿಳಿಸಿಕೊಡಬೇಕೆಂದು ಹೇಳಿತು. ಕಾಲೇಜುಗಳಲ್ಲಿ ಆ ಹೊಣೆ ಬರುವುದು ಸಾಮಾನ್ಯವಾಗಿ ಗ್ರಂಥಪಾಲಕರ ಮೇಲೆ. ಅದೇ ವರ್ಷ ಯುಜಿಸಿ ಪ್ರಕಟಿಸಿದ ನೇಮಕಾತಿ ನಿಯಮದಲ್ಲಿ ಕಾಲೇಜು ಗ್ರಂಥಪಾಲಕರಿಗೆ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ, ಗಣಕೀಕರಣದ ಜ್ಞಾನ, ಎನ್‌ಇಟಿ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಇವೆಲ್ಲ ಇವೆ. ಪಾಠ ಮಾಡಬಲ್ಲರೇ ಎಂದು ಕೇಳಿಲ್ಲ. ಅಮೆರಿಕದ ಕಾಲೇಜು ಮತ್ತು ಸಂಶೋಧನಾ ಗ್ರಂಥಾಲಯಗಳ ಸಂಘ ಬೋಧಿಸುವ ಗ್ರಂಥಪಾಲಕರ ಪಾತ್ರಗಳೇನು, ಅವರಿಗೆ ಬೇಕಾದ ಕೌಶಲಗಳೇನು ಎಂದು 2017ರಲ್ಲಿ ದಾಖಲೆಯನ್ನೇ ಹೊರತಂದಿತು. ನಮ್ಮಲ್ಲಿ ಅಂಥ ಚರ್ಚೆಗೆ ಇನ್ನೂ ತಡಮಾಡುವುದು ಸರಿಯಲ್ಲ.

ಪಾಠ ಮಾಡುವುದು ಅಧ್ಯಾಪಕರ ಕೆಲಸ, ಗ್ರಂಥಪಾಲಕರು ಅನುಭವದಿಂದ ಕಲಿಯುತ್ತಾರೆ ಎಂಬ ಮಾತನ್ನು ನಮ್ಮ ವೃತ್ತಿಯವರ ಬಾಯಲ್ಲೇ ಕೇಳಿದ್ದೇನೆ. ಹಾಗಾದರೆ ಬಿ.ಇಡಿ. ಓದುವವರಿಗೆ ಪಾಠ ಯೋಜನೆ ಬರೆಸಿ, ಶಾಲೆಗಳಿಗೆ ಅಭ್ಯಾಸ ಪಾಠಕ್ಕೆ ವಾರಗಟ್ಟಲೆ ಕಳುಹಿಸುವುದೇಕೆ? ಅನುಭವ ಬರುವವರೆಗಿನ ವರ್ಷಗಳಲ್ಲಿ ಕಲಿಯದೆ ಹೊರಟುಹೋಗುವ ವಿದ್ಯಾರ್ಥಿಗಳ ನಷ್ಟವನ್ನು ಯಾರು ಭರಿಸುತ್ತಾರೆ?

ಪಠ್ಯಕ್ರಮದಲ್ಲಿ ಜಾಗವಿಲ್ಲ ಎಂಬ ವಾದ ಮಾತ್ರ ತಳ್ಳಿಹಾಕುವಂಥದ್ದಲ್ಲ. ಜಾಗ ಮಾಡಿಕೊಳ್ಳಬೇಕಾಗುತ್ತದೆ. ರಂಗನಾಥನ್ ಅವರೇ ರೂಪಿಸಿದ ಕೋಲನ್ ವರ್ಗೀಕರಣದ ಪ್ರಾಯೋಗಿಕ ಅಭ್ಯಾಸಕ್ಕೆ ಈಗ ಹೋಗುವ ಸಮಯದಲ್ಲಿ ಒಂದಿಷ್ಟನ್ನು ಬಿಟ್ಟುಕೊಡಬಹುದು ಎಂದು ನನ್ನ ಅಭಿಪ್ರಾಯ. ಅವರ ಮೇಲಿನ ಗೌರವದಿಂದಲೇ ಇದನ್ನು ಹೇಳುತ್ತಿದ್ದೇನೆ. ಕೋಲನ್ ಪದ್ಧತಿಯ ತತ್ವವನ್ನು ಎಲ್ಲರೂ ಓದಲಿ. ಆದರೆ ನಾನು ಕಂಡ ಕಾಲೇಜು ಗ್ರಂಥಾಲಯಗಳೆಲ್ಲ ಪುಸ್ತಕ ಜೋಡಿಸುವುದು ಡ್ಯೂಯಿ ಪದ್ಧತಿಯಲ್ಲಿ. ಸೂಚೀಕರಣದಲ್ಲೂ ಸಿದ್ಧ ದಾಖಲೆಗಳನ್ನು ಕೋಹಾದಂಥ ಗ್ರಂಥಾಲಯ ತಂತ್ರಾಂಶಕ್ಕೆ ಇಳಿಸಿಕೊಳ್ಳುವುದೇ ಹೆಚ್ಚು.

ಹಾಗೆ ಸಿಕ್ಕ ಸಮಯದಲ್ಲಿ ಒಂದು ಕಡ್ಡಾಯ ಪತ್ರಿಕೆ ಬರಲಿ, ಅದಕ್ಕೆ ಅಭ್ಯಾಸ ಪಾಠವೂ ಇರಲಿ. ಎಂ.ಲಿಬ್. ವಿದ್ಯಾರ್ಥಿ ಒಂದೇ ಪಾಠವನ್ನು ಬಿ.ಎ. ತರಗತಿಗೊಮ್ಮೆ, ಬಿಎಸ್ಸಿ ತರಗತಿಗೊಮ್ಮೆ ಮಾಡಲಿ. ಅನುಭವಿ ಅಧ್ಯಾಪಕರೊಬ್ಬರು ಹಿಂದೆ ಕುಳಿತು ನೋಡಿ ಕೊರತೆ ಹೇಳಲಿ, ವಿದ್ಯಾರ್ಥಿ ತಿದ್ದಿಕೊಂಡು ಮತ್ತೆ ಮಾಡಲಿ. ಅಂಕ ಕೊಡುವಾಗ ಅವನು ಎಷ್ಟು ಚೆನ್ನಾಗಿ ಮಾತನಾಡಿದ ಎಂಬುದಕ್ಕಿಂತ, ಕೇಳಿದ ಮಕ್ಕಳು ಆಮೇಲೆ ತಾವಾಗಿ ಏನನ್ನು ಹುಡುಕಿ ತಂದರು ಎಂಬುದನ್ನು ನೋಡಲಿ. ಇದನ್ನು ಕನ್ನಡದಲ್ಲಿ ಮಾಡಲು ಕಲಿಯುವುದೂ ಅಷ್ಟೇ ಮುಖ್ಯ. ನಮ್ಮ ಮಲೆನಾಡಿನ ಕಾಲೇಜುಗಳಿಗೆ ಬರುವ ಎಷ್ಟೋ ಮಕ್ಕಳು ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಅವರು ಬಳಸಬೇಕಾದ ಇ-ಸಂಪನ್ಮೂಲಗಳೋ ಬಹುಪಾಲು ಇಂಗ್ಲಿಷಿನಲ್ಲಿವೆ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮೇಲ್ವಿಚಾರಕರನ್ನೂ ಮರೆಯಬಾರದು. 2019ರಲ್ಲಿ ಆ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದ ಮೇಲೆ, ಮಕ್ಕಳಿಗೆ ಓದಿಸುವ ಕೆಲಸವೂ ಅವರ ಪಾಲಿಗೆ ಬಂದಿದೆ. ಅವರಿಗೂ ಇದೇ ಬಗೆಯ ಒಂದು ಸಣ್ಣ ತರಬೇತಿ ಬೇಕು.

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಗ್ರಂಥಪಾಲಕರ ಪೈಕಿ ಮೈಸೂರು ಅಥವಾ ಕುವೆಂಪು ವಿಶ್ವವಿದ್ಯಾಲಯದಲ್ಲಿ ಓದಿದವರು ಬಹಳ ಜನ. ಎರಡೂ ಕಡೆಯ ಗ್ರಂಥಾಲಯ ವಿಜ್ಞಾನ ಅಧ್ಯಯನ ಮಂಡಳಿಗಳು ಮುಂದಿನ ಸಭೆಯಲ್ಲಿ ಈ ವಿಷಯವನ್ನು ಕೈಗೆತ್ತಿಕೊಳ್ಳಬೇಕೆಂದು ಕೋರುತ್ತೇನೆ. ಪಾಠ ಯೋಜನೆ ಬರೆಯುವುದನ್ನು ಹೇಳಿಕೊಡಲು ಎರಡೂ ಜಿಲ್ಲೆಗಳ ಬಿ.ಇಡಿ. ಕಾಲೇಜುಗಳ ಅಧ್ಯಾಪಕರನ್ನು ಕೇಳಿಕೊಳ್ಳಬಹುದು. ಅಭ್ಯಾಸ ಪಾಠಕ್ಕೆ ಬರುವವರಿಗೆ ನಮ್ಮ ಪ್ರಾಂಶುಪಾಲರ ಒಪ್ಪಿಗೆ ಪಡೆದು ತರಗತಿಗಳನ್ನು ಹೊಂದಿಸಿಕೊಡಲು ನಾನು ಸಿದ್ಧಳಿದ್ದೇನೆ.

– ಒಬ್ಬ ಕಾಲೇಜು ಗ್ರಂಥಪಾಲಕಿ, ಚಿಕ್ಕಮಗಳೂರು ಜಿಲ್ಲೆ